ಮಿಲಿಟ್ರಿ ದೊಡ್ಡಪ್ಪನ ಅರ್ಧ ಕೆಲಸ

ನಮ್ಮ ಕಡೆ ‘ಮಿಲಿಟ್ರಿ’ ಎಂದರೆ ಮೊದಲು ನೆನಪಾಗುವುದು ಹೋಟೆಲು. ಮುದ್ದೆ, ಕಾಲುಸೂಪು, ಬೋಟಿ ಗೊಜ್ಜು. ಸೈನ್ಯ ಆಮೇಲೆ. ಮುಳಬಾಗಿಲು ತಾಲ್ಲೂಕಿನ ನಮ್ಮೂರಿನಲ್ಲಿ ಮಾತ್ರ ಆ ಪದಕ್ಕೆ ಇನ್ನೊಂದು ಅರ್ಥವಿದೆ. ಅದು ನಮ್ಮ ದೊಡ್ಡಪ್ಪ. ಅವರ ನಿಜವಾದ ಹೆಸರನ್ನು ಊರು ಮರೆತು ನಾಲ್ಕು ದಶಕವಾಯಿತು. ಓರಗೆಯವರಿಗೆ ಮಿಲಿಟ್ರಿಯಣ್ಣ, ಮಕ್ಕಳಿಗೆ ಮಿಲಿಟ್ರಿ ತಾತ, ಅಂಚೆಯವನಿಗೆ ಬರಿಯ ಮಿಲಿಟ್ರಿ.

ಪ್ರತಿ ವರ್ಷ ಡಿಸೆಂಬರ್ 16ರ, ಎಂದರೆ 1971ರ ಯುದ್ಧದ ವಿಜಯ ದಿನದ, ಆಸುಪಾಸಿನಲ್ಲಿ ಊರ ಶಾಲೆಯವರು ಅವರನ್ನು ಕರೆದು, ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ ಎರಡು ಮಾತು ಹೇಳಿಸುತ್ತಾರೆ. ಮಕ್ಕಳ ಕಡೆಯಿಂದ ವರ್ಷವೂ ಅದೇ ಪ್ರಶ್ನೆ: ‘ತಾತ, ಎಷ್ಟು ಜನರನ್ನು ಸಾಯಿಸಿದಿರಿ?’ ದೊಡ್ಡಪ್ಪನದೂ ಅದೇ ಉತ್ತರ: ‘ನಾನು ಒಬ್ಬನನ್ನೂ ನೋಡಲಿಲ್ಲ ಮಗು. ನಾನು ನೋಡಿದ್ದು ಮಣ್ಣು.’ ಮೇಷ್ಟರು ಇದನ್ನು ವಿನಯವೆಂದು ತಿಳಿದು ಚಪ್ಪಾಳೆ ತಟ್ಟಿಸುತ್ತಾರೆ. ನಾನೂ ಬಹಳ ವರ್ಷ ಹಾಗೆಯೇ ತಿಳಿದಿದ್ದೆ. ನನ್ನ ಗೆಳೆಯರ ಮನೆಗಳಲ್ಲಿ ಕೇಳಿದ ಯುದ್ಧದ ಕಥೆಗಳಲ್ಲಿ ಗುಂಡು, ಬಾಂಬು, ಬಾವುಟ ಎಲ್ಲವೂ ಇರುತ್ತಿದ್ದವು. ನಮ್ಮ ಮನೆಯ ಕಥೆಯಲ್ಲಿ ಒಬ್ಬ ಮನುಷ್ಯ ಹೊಟ್ಟೆಯ ಮೇಲೆ ಮಲಗಿ ನೆಲವನ್ನು ಚುಚ್ಚುತ್ತಿದ್ದ, ಅಷ್ಟೇ. ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲವೆಂದು ನಾಚಿಕೆಪಟ್ಟದ್ದೂ ಉಂಟು.

ದೊಡ್ಡಪ್ಪ ಸ್ಯಾಪರ್ ಆಗಿದ್ದರು. ಸೈನ್ಯ ಮುಂದೆ ಹೋಗಬೇಕಾದರೆ ಸೇತುವೆ ಬೇಕು, ದಾರಿ ಬೇಕು, ದಾರಿಯಲ್ಲಿ ಹೂತಿಟ್ಟ ನೆಲಬಾಂಬುಗಳನ್ನು ತೆಗೆಯಬೇಕು. ಶತ್ರು ಬರುವಂತಿದ್ದರೆ ಅವೇ ಸೇತುವೆಗಳನ್ನು ಉರುಳಿಸಬೇಕು, ಬಾಂಬುಗಳನ್ನು ಹೂಳಬೇಕು. ಕಟ್ಟುವುದೂ ಕೆಡವುವುದೂ ಒಂದೇ ಕೈ. ಆ ಕೈಗಳಿಗೆ ಸ್ಯಾಪರ್ ಎಂದು ಹೆಸರು.

ಅವರು ಸೇರಿದ್ದು 1966ರಲ್ಲಿ. ದೇಶಸೇವೆಗಾಗಿ ಸೇರಿದೆ ಎಂದು ಅವರು ಹೇಳಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಸತತ ಎರಡು ವರ್ಷ ಮಳೆ ಕೈಕೊಟ್ಟಿತ್ತು. ನಾಲ್ಕು ಎಕರೆ ಖುಷ್ಕಿಯಲ್ಲಿ ರಾಗಿ ತೆನೆ ಬಿಡದೆ ಒಣಗಿತ್ತು. ಅಮೆರಿಕದಿಂದ ಹಡಗಿನಲ್ಲಿ ಬಂದ ಗೋಧಿಯನ್ನು ರೇಷನ್ನಿನಲ್ಲಿ ಕೊಟ್ಟರೆ ಅದನ್ನು ಏನು ಮಾಡಬೇಕೆಂದು ತಿಳಿಯದ ನಮ್ಮಜ್ಜಿ, ರಾಗಿಯ ಹಾಗೆ ಬೀಸಿ ಮುದ್ದೆ ತೊಳಸಲು ಹೋಗಿ ಪಾತ್ರೆ ತುಂಬ ಅಂಟು ಮಾಡಿ ಕೂತಿದ್ದರಂತೆ. ಬೇರೆಯವರು ಕಿತ್ತುಕೊಂಡು ಹೋದ ಕಡಲೆಕಾಯಿ ಹೊಲದಲ್ಲಿ ಮಣ್ಣು ಕೆದಕಿ ಉಳಿದ ಕಾಯಿ ಆರಿಸುವುದು ಆಗ ಅಣ್ಣ ತಮ್ಮಂದಿರ ಕೆಲಸ. ಕಣ್ಣಿಗೆ ಕಾಣದ ಕಾಯಿಯನ್ನು ಬೆರಳಿನಿಂದ ಹುಡುಕಬೇಕು. ಹೆಂಟೆಯೋ ಕಾಯಿಯೋ ಎಂದು ಮಣ್ಣಿನೊಳಗೇ ಗೊತ್ತಾಗಬೇಕು. ದೊಡ್ಡಪ್ಪನ ಬೆರಳು ಅದರಲ್ಲಿ ಬಹಳ ಚುರುಕೆಂದು ನಮ್ಮಪ್ಪ ಹೇಳುತ್ತಿದ್ದರು. ಮುಂದೆ ಆ ಚುರುಕು ಎಲ್ಲಿ ಬಳಕೆಗೆ ಬರುತ್ತದೆಂದು ಇಬ್ಬರಿಗೂ ತಿಳಿದಿರಲಿಲ್ಲ.

‘ಅಲ್ಲಿ ಮೂರು ಹೊತ್ತು ಊಟ ಹಾಕುತ್ತಾರೆ ಎಂದರು, ಹೋದೆ’ ಎನ್ನುತ್ತಾರೆ ದೊಡ್ಡಪ್ಪ. ಬಂಗಾರಪೇಟೆಯಲ್ಲಿ ರೈಲು ಹತ್ತಿ, ಬೆಂಗಳೂರು ಕಂಟೋನ್ಮೆಂಟಿನಲ್ಲಿ ಇಳಿದು, ಹಲಸೂರು ಕೆರೆಯ ಬಳಿ ಸಾಲಿನಲ್ಲಿ ನಿಂತರು. ಎದೆ ಅಳೆದರು, ಓಡಿಸಿದರು, ಹಲ್ಲು ನೋಡಿದರು. (‘ಸಂತೆಯಲ್ಲಿ ಎತ್ತಿಗೆ ನೋಡುವ ಹಾಗೆಯೇ’ ಎಂಬುದು ಅವರ ವಿವರಣೆ.) ಊಟಕ್ಕೆ ಕೊಟ್ಟದ್ದು ಚಪಾತಿ. ಅಜ್ಜಿಯ ಕೈಯಲ್ಲಿ ಅಂಟಾದ ಗೋಧಿ ಅಲ್ಲಿ ಊಟವಾಗಿತ್ತು.

ಅದು ಮದ್ರಾಸ್ ಸ್ಯಾಪರ್ಸ್, ಮದ್ರಾಸ್ ಎಂಜಿನಿಯರ್ ಗ್ರೂಪ್. ಹೆಸರಿನಲ್ಲಿ ಮದ್ರಾಸ್ ಇದ್ದರೂ 1834ರಿಂದ ಅದರ ನೆಲೆ ಬೆಂಗಳೂರು. ಪಡೆ ಹುಟ್ಟಿದ್ದು ಇನ್ನೂ ಹಿಂದೆ, 1780ರಲ್ಲಿ. ತಮಿಳರು, ತೆಲುಗರು, ಮಲಯಾಳಿಗಳು, ಕನ್ನಡಿಗರು ಒಂದೇ ಬ್ಯಾರಕ್ಕಿನಲ್ಲಿ. ಎಲ್ಲರಿಗೂ ಸೇರಿ ‘ತಂಬಿ’ ಎಂದು ಒಂದೇ ಹೆಸರು. ಹಿಂದಿಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಲಿಸುತ್ತಿದ್ದರು. ಹೀಗಾಗಿ ದೊಡ್ಡಪ್ಪನಿಗೆ ಇವತ್ತಿಗೂ ಇಂಗ್ಲಿಷ್ ಅಕ್ಷರ ಸರಾಗವಾಗಿ ಓದಲು ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ಬಿಡಿ ಭಾಗ ಜೋಡಿಸಿ ಕಟ್ಟುವ ಬೈಲಿ ಸೇತುವೆಯ ಒಂದೊಂದು ಕಬ್ಬಿಣದ ಚೌಕಟ್ಟೂ ಹೆಚ್ಚುಕಡಿಮೆ 260 ಕಿಲೋ. ಆರು ಜನ ಸೇರಿ ಎತ್ತಬೇಕು, ಒಬ್ಬ ತಪ್ಪಿದರೆ ಉಳಿದ ಐವರ ಕಾಲು ಹೋಯಿತು. ‘ಜಾತಿ ಕೇಳುವುದಕ್ಕೆ ಅಲ್ಲಿ ಉಸಿರೇ ಇರುತ್ತಿರಲಿಲ್ಲ’ ಎಂದು ಒಮ್ಮೆ ಹೇಳಿದ್ದರು. ಊರಿಗೆ ರಜೆಯಲ್ಲಿ ಬಂದಾಗ ಉಸಿರು ಮರಳಿ ಬರುತ್ತಿತ್ತು, ಅದು ಬೇರೆ ಮಾತು.

ತರಬೇತಿಯಲ್ಲಿ ಅವರಿಗೆ ಹೇಳಿದ ಕಥೆಗಳಲ್ಲಿ ಒಂದು ಮಾತ್ರ ಅವರ ಜೊತೆ ಉಳಿಯಿತು. ಎರಡನೆಯ ಮಹಾಯುದ್ಧ, 1944ರ ಜೂನ್, ಇಟಲಿ. ಇದೇ ಪಡೆಯ ಸುಬೇದಾರ್ ಸುಬ್ರಮಣಿಯನ್ ತಮ್ಮ ತಂಡದೊಂದಿಗೆ ನೆಲಬಾಂಬು ತೆಗೆಯುತ್ತಿದ್ದಾಗ ಒಬ್ಬನ ಕಾಲಡಿಯಲ್ಲಿ ಒಂದು ಚಾಲೂ ಆಯಿತು. ಸಿಡಿಯುವುದಕ್ಕೆ ಕೆಲವೇ ಸೆಕೆಂಡು. ಸುಬ್ರಮಣಿಯನ್ ಅದರ ಮೇಲೆ ಬಿದ್ದರು, ಉಳಿದವರು ಬದುಕಿದರು. ಅವರಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಎಂಬ ಬ್ರಿಟಿಷ್ ಶೌರ್ಯ ಪದಕ ಬಂತು. ಈ ಕಥೆ ಕೇಳಿ ಉಳಿದ ಹುಡುಗರಿಗೆ ಮೈ ನವಿರೆದ್ದರೆ ದೊಡ್ಡಪ್ಪನಿಗೆ ಹೊಳೆದದ್ದು ಬೇರೆಯೇ: ‘ಎಲ್ಲರೂ ಸರಿಯಾಗಿ ಕೆಲಸ ಮಾಡುತ್ತಿದ್ದಾಗಲೂ ಹೀಗಾಗುತ್ತದಲ್ಲ.’

ಕೆಲಸದ ವಿವರ ಕೇಳಿದರೆ ಅವರಿಗೆ ಬೇಸರವಿಲ್ಲ. ಕೇಳುವವರು ಕಡಿಮೆ. ಮೊದಲು ಗಡಿಯಾರ ಬಿಚ್ಚಿಡಬೇಕು, ತೋಳು ಮಡಿಸಬೇಕು. ಕಣ್ಣಿಗೆ ಕಾಣದ ತಂತಿ ಬರಿಯ ಚರ್ಮಕ್ಕೆ ತಾಗಿದರೆ ಗೊತ್ತಾಗುತ್ತದೆ. ಹೊಟ್ಟೆಯ ಮೇಲೆ ಮಲಗಿ ಪ್ರಾಡರ್ ಎಂಬ ಮೊನೆಯ ಸರಳನ್ನು ನೆಲಕ್ಕೆ ಓರೆಯಾಗಿ ಇಳಿಸಬೇಕು. ನೇರವಾಗಿ ಚುಚ್ಚಿದರೆ ಮೈನಿನ, ಎಂದರೆ ನೆಲಬಾಂಬಿನ, ನೆತ್ತಿಗೆ ಬೀಳುತ್ತದೆ, ಅದು ಒತ್ತಡಕ್ಕಾಗಿ ಕಾದಿರುವ ಜಾಗ. ಓರೆಯಾಗಿ ಹೋದರೆ ಪಕ್ಕಕ್ಕೆ ತಗುಲುತ್ತದೆ. ಎರಡು ಮೂರು ಅಂಗುಲಕ್ಕೊಮ್ಮೆ ಹೀಗೆ ಚುಚ್ಚುತ್ತಾ, ಸಿಕ್ಕಿದ್ದನ್ನು ಬೆರಳಿನಿಂದ ಬಿಡಿಸುತ್ತಾ, ತೆವಳಿದಷ್ಟು ದೂರ ಬಿಳಿಯ ಪಟ್ಟಿ ಎಳೆಯುತ್ತಾ ಹೋಗಬೇಕು. ಟ್ಯಾಂಕಿಗೆಂದು ಇಟ್ಟ ಮೈನು ಮನುಷ್ಯನ ಭಾರಕ್ಕೆ ಸಾಮಾನ್ಯವಾಗಿ ಸಿಡಿಯುವುದಿಲ್ಲ. ಆದರೆ ಅದರ ನಡುನಡುವೆ ಮನುಷ್ಯನಿಗೆಂದೇ ಇಟ್ಟ ಚಿಕ್ಕವೂ ಇರುತ್ತವೆ, ಅದಕ್ಕೆ ಒಂದು ಮಗುವಿನ ತೂಕವೂ ಸಾಕು. ‘ಕಲ್ಲಿಗೆ ತಗುಲಿದರೆ ಕೈಗೆ ಕಟ್ ಎನ್ನುತ್ತದೆ. ಬೇರಿಗೆ ತಗುಲಿದರೆ ಜಾಗ ಬಿಡುತ್ತದೆ. ಮೈನಿಗೆ ತಗುಲಿದರೆ ಸುಮ್ಮನಿರುತ್ತದೆ.’ ಆ ‘ಸುಮ್ಮನೆ’ ಎಂಬುದನ್ನು ಅವರು ಹೇಳುವಾಗ ಕೈ ತಾನಾಗಿ ನಿಲ್ಲುತ್ತದೆ.

1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆ ಬಾಂಬು ಹಾಕಿದಾಗ ದೊಡ್ಡಪ್ಪ ಜಮ್ಮುವಿನ ಕಡೆಯ ಗಡಿಯಲ್ಲಿದ್ದರು. ನಮ್ಮೂರಿಗೆ ಅದು ತಿಳಿದಿರಲಿಲ್ಲ. ವಿಳಾಸ ಎಂದರೆ ಒಂದು ನಂಬರು, ಅದರ ಕೆಳಗೆ ‘56 ಎ.ಪಿ.ಒ.’ ಎಂಬ ಸೇನೆಯ ಅಂಚೆ ಕಚೇರಿಯ ಗುರುತು, ಅಷ್ಟೇ. ಯುದ್ಧದ ಸುದ್ದಿ ಬರುತ್ತಿದ್ದದ್ದು ಪಟೇಲರ ಮನೆಯ ರೇಡಿಯೋದಿಂದ. ಮದುವೆಯಾಗಿ ಎರಡು ವರ್ಷವಾಗಿದ್ದ ದೊಡ್ಡಮ್ಮನಿಗೆ ಓದು ಬರದು. ಬಂದ ಇನ್‌ಲ್ಯಾಂಡ್ ಪತ್ರಗಳನ್ನು ಓದಿ ಹೇಳುತ್ತಿದ್ದದ್ದು ಮೈದುನ, ಎಂದರೆ ನಮ್ಮಪ್ಪ. ಡಿಸೆಂಬರಿನಲ್ಲಿ ಪತ್ರ ನಿಂತಿತು. ಒಂದು ವಾರ, ಎರಡು ವಾರ. ಅಪ್ಪ ಒಂದು ಸಂಜೆ ಹಳೆಯ ಪತ್ರವೊಂದನ್ನು ತೆಗೆದುಕೊಂಡು, ಈಗ ಬಂತು ಎಂದು ಹೇಳಿ, ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದಿದರು. ನಾನು ಕ್ಷೇಮ, ಚಳಿ ಜಾಸ್ತಿ, ಹಣ ಕಳಿಸಿದ್ದೇನೆ, ಹಸು ಈಯಿತೇ. ಅಜ್ಜಿ ದೇವರಿಗೆ ದೀಪ ಹಚ್ಚಿದರು. ದೊಡ್ಡಮ್ಮ ಏನೂ ಹೇಳದೆ ಒಳಗೆ ಹೋಗಿ ಒಲೆ ಮುಂದೆ ಕೂತರು.

ಇದಾಗಿ ಮೂವತ್ತು ವರ್ಷದ ಮೇಲೆ, ಅಪ್ಪ ತೀರಿಕೊಂಡ ಮೇಲೆ, ದೊಡ್ಡಮ್ಮ ನನಗೆ ಹೇಳಿದರು: ‘ಹಸು ಈದು ಎರಡು ತಿಂಗಳಾಗಿತ್ತು. ಹೆಣ್ಣುಗರು ಎಂದು ನಿಮ್ಮಪ್ಪನ ಕೈಯಲ್ಲೇ ಬರೆಸಿದ್ದೆ. ಅವರು ಮತ್ತೆ ಯಾಕೆ ಕೇಳುತ್ತಾರೆ?’ ಹಾಗಾದರೆ ಯಾಕೆ ಸುಮ್ಮನಿದ್ದಿರಿ ಎಂದೆ. ‘ನಿಮ್ಮಜ್ಜಿ ಅವತ್ತು ಊಟ ಮಾಡಿದರು’ ಎಂದರು.

ಅಪ್ಪ ಆ ಪತ್ರ ಓದಿದ ಆಸುಪಾಸಿನಲ್ಲೇ ದೊಡ್ಡಪ್ಪ ಬಸಂತರ್ ಹೊಳೆಯ ದಡದಲ್ಲಿದ್ದರು. ಶಕರ್‌ಗಢದ ಉಬ್ಬು ಎಂದು ಕರೆಯುವ, ಭಾರತದ ಕಡೆಗೆ ಚಾಚಿಕೊಂಡ ಪಾಕಿಸ್ತಾನದ ಪ್ರದೇಶ ಅದು. ಡಿಸೆಂಬರ್ 15ರ ರಾತ್ರಿ 47ನೇ ಪದಾತಿ ಬ್ರಿಗೇಡ್ ಹೊಳೆ ದಾಟಿ ಆಚೆ ದಡದಲ್ಲಿ ಕಾಲೂರಿತು. ಅದರ ಬೆನ್ನಿಗೆ ಪೂನಾ ಹಾರ್ಸ್ ಎಂಬ ರೆಜಿಮೆಂಟಿನ ಟ್ಯಾಂಕುಗಳು ಹೋಗಬೇಕಿತ್ತು. ನಡುವೆ ಇದ್ದದ್ದು ಮೈನುಗಳನ್ನು ಒತ್ತಾಗಿ ಬಿತ್ತಿದ ನೆಲ. ಮದ್ರಾಸ್ ಸ್ಯಾಪರ್ಸ್‌ನ 9ನೇ ಎಂಜಿನಿಯರ್ ರೆಜಿಮೆಂಟಿಗೆ ಆ ನೆಲದಲ್ಲಿ ಟ್ಯಾಂಕು ಹೋಗುವಷ್ಟು ಅಗಲದ ಲೇನು ಮಾಡಿಕೊಡುವ ಕೆಲಸ. ಮೇಲಿನಿಂದ ಶೆಲ್ ಬೀಳುತ್ತಿತ್ತು. ಚಳಿಗೆ ಬೆರಳು ಮರಗಟ್ಟುತ್ತಿತ್ತು. ಮರಗಟ್ಟಿದ ಬೆರಳಿಗೆ ಕಲ್ಲು ಯಾವುದು ಮೈನು ಯಾವುದು ತಿಳಿಯುವುದಿಲ್ಲವಾದ್ದರಿಂದ ಆಗಾಗ ಕೈಯನ್ನು ಕಂಕುಳಲ್ಲಿ ಇಟ್ಟುಕೊಳ್ಳಬೇಕಿತ್ತು. ಆ ರಾತ್ರಿಯ ಬಗ್ಗೆ ಅವರು ಭಯದ ಮಾತು ಆಡಿದ್ದೇ ಇಲ್ಲ. ಕಂಕುಳ ಬಿಸಿಯ ಮಾತು ಹತ್ತು ಸಲ ಆಡಿದ್ದಾರೆ.

ಲೇನು ಅರ್ಧ ಆಗಿತ್ತು. ಆಚೆ ದಡದಿಂದ ಶತ್ರು ಟ್ಯಾಂಕುಗಳ ಸಪ್ಪಳ ಕೇಳುತ್ತಿದೆ, ನಮ್ಮ ಟ್ಯಾಂಕುಗಳು ಕೂಡಲೇ ಬರಬೇಕು ಎಂದು ಕರೆ ಬಂತು. ಪೂನಾ ಹಾರ್ಸ್ ಕಾಯಲಿಲ್ಲ. ತೆಗೆಯದೆ ಉಳಿದ ಮೈನುಗಳ ನಡುವೆಯೇ ನುಗ್ಗುವುದೆಂದು ತೀರ್ಮಾನಿಸಿ ಹೊರಟುಬಿಟ್ಟಿತು. ಮರುದಿನ ಆ ದಡದಲ್ಲಿ ನಡೆದ ಟ್ಯಾಂಕು ಕಾಳಗ ಎಲ್ಲರಿಗೂ ಗೊತ್ತಿದೆ. ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್, ಸೇನೆಗೆ ಸೇರಿ ಆರು ತಿಂಗಳಾಗಿದ್ದ 21 ವರ್ಷದ ಹುಡುಗ, ಅಲ್ಲಿ ಉರಿಯುವ ಟ್ಯಾಂಕು ಬಿಡದೆ ಹೋರಾಡಿ ಮಡಿದರು. ಪರಮವೀರ ಚಕ್ರ ಬಂತು. ಬರೆಯಬೇಕಾದದ್ದೇ, ಓದಬೇಕಾದದ್ದೇ. ಆ ಕದನದ ವಿವರಣೆಗಳನ್ನು ಈಚೆಗೆ ಹುಡುಕಿ ಓದುವಾಗ ನನ್ನ ಕಣ್ಣು ಮಾತ್ರ ಪ್ರತಿ ಸಲ ಒಂದೇ ಕಡೆ ನಿಲ್ಲುತ್ತದೆ. ‘ಮೈನು ತೆಗೆಯುತ್ತಿದ್ದ ಎಂಜಿನಿಯರುಗಳ ಕೆಲಸ ಇನ್ನೂ ಅರ್ಧ ಆಗಿದ್ದಾಗ’ ಎಂಬ ಅರ್ಥದ ಒಂದು ತುಂಡು ಬರುತ್ತದೆ. ಅದೂ ಪೂರ್ತಿ ವಾಕ್ಯವಲ್ಲ, ವಾಕ್ಯದ ಅರ್ಧ. ದೊಡ್ಡಪ್ಪನ ಯುದ್ಧವೆಲ್ಲ ಅದರೊಳಗಿದೆ.

ಅವರಿಗೆ ಆ ರಾತ್ರಿ ಉಳಿಸಿದ್ದು ಹೆಮ್ಮೆಯೋ ದುಃಖವೋ ಎಂದು ಕೇಳಿದರೆ, ಎರಡೂ ಅಲ್ಲ, ಒಬ್ಬ ಗಾರೆಯವನ ಕಿರಿಕಿರಿ ಎಂದು ಹೇಳಬೇಕಾಗುತ್ತದೆ. ಗೋಡೆಯ ಗಾರೆ ಒಣಗುವ ಮೊದಲೇ ಮನೆಯವರು ಬಂದು ಗೃಹಪ್ರವೇಶ ಮಾಡಿಬಿಟ್ಟರೆ ಆಗುತ್ತದಲ್ಲ, ಅಂಥದ್ದು. ಟ್ಯಾಂಕುಗಳು ಹೋದದ್ದು ಸರಿ, ಹೋಗದಿದ್ದರೆ ಆಚೆ ದಡದವರು ಉಳಿಯುತ್ತಿರಲಿಲ್ಲ. ಇದನ್ನು ಅವರೇ ಹೇಳುತ್ತಾರೆ. ಹೇಳಿ, ಸ್ವಲ್ಪ ಹೊತ್ತು ಬಿಟ್ಟು, ‘ಇನ್ನು ಎರಡು ಗಂಟೆ ಕೊಟ್ಟಿದ್ದರೆ ಮುಗಿಸುತ್ತಿದ್ದೆವು’ ಎನ್ನುತ್ತಾರೆ. ಐವತ್ತು ವರ್ಷ ದಾಟಿದ ಮೇಲೂ.

ಡಿಸೆಂಬರ್ 17ರ ರಾತ್ರಿ ಎಂಟಕ್ಕೆ ಪಶ್ಚಿಮದಲ್ಲೂ ಕದನವಿರಾಮ. ಊರಲ್ಲಿ ಪಟಾಕಿ ಹೊಡೆದರು. ಸ್ಯಾಪರ್‌ಗಳಿಗೆ ನಿಜವಾದ ಕೆಲಸ ಶುರುವಾದದ್ದು ಆಮೇಲೆ. 1972ರ ಜುಲೈನಲ್ಲಿ ಶಿಮ್ಲಾ ಒಪ್ಪಂದವಾಗಿ, ಗೆದ್ದ ನೆಲ ಬಿಟ್ಟುಕೊಟ್ಟು ಸೇನೆ ಹಿಂದಿರುಗಲು ಆ ವರ್ಷದ ಡಿಸೆಂಬರ್ ಬಂತು. ಅಲ್ಲಿಯವರೆಗೆ ಅವರಿಟ್ಟ ಮೈನುಗಳ ಜೊತೆಗೆ ನಮ್ಮವರಿಟ್ಟವನ್ನೂ ತೆಗೆಯಬೇಕಿತ್ತು. ಕಾಗದದ ನಕ್ಷೆಯಲ್ಲಿ ಸಾಲಾಗಿದ್ದದ್ದು ಮಳೆಗಾಲ ಕಳೆದ ಮೇಲೆ ಹೊಲದಲ್ಲಿ ಸಾಲಾಗಿರುತ್ತಿರಲಿಲ್ಲ. ಪ್ರವಾಹದ ನೀರು ಅವುಗಳನ್ನು ಎಳೆದುಕೊಂಡು ಹೋಗಿ ತನಗೆ ತೋಚಿದಲ್ಲಿ ಇಟ್ಟಿರುತ್ತಿತ್ತು. ಒಬ್ಬನೂ ಗುಂಡು ಹಾರಿಸದ ಒಂದು ಮಧ್ಯಾಹ್ನ, ಧರ್ಮಪುರಿ ಕಡೆಯ ಅವರ ಜೊತೆಗಾರನ ಎಡಗಾಲು ಹಿಮ್ಮಡಿಯಿಂದ ಮೇಲಕ್ಕೆ ಹೋಯಿತು. ಬೈಲಿ ಚೌಕಟ್ಟಿನ ಆರು ಜನರಲ್ಲಿ ದೊಡ್ಡಪ್ಪನ ಎದುರಿಗೆ ನಿಲ್ಲುತ್ತಿದ್ದವನು. ಪುಣೆಯ ಕೃತಕ ಅಂಗ ಕೇಂದ್ರದಲ್ಲಿ ಕಾಲು ಹಾಕಿಸಿಕೊಂಡು ಊರಿಗೆ ಹೋಗಿ ಆತ ಟೀ ಅಂಗಡಿ ಇಟ್ಟರು. ಆತ ಇರುವವರೆಗೂ ದೊಡ್ಡಪ್ಪ ಪ್ರತಿ ಸಂಕ್ರಾಂತಿಯ ಮರುದಿನ ಕೃಷ್ಣಗಿರಿಯ ಬಸ್ಸು ಹತ್ತುತ್ತಿದ್ದರು. ಒಮ್ಮೆ ನಾನೂ ಹೋಗಿದ್ದೆ. ಇಬ್ಬರೂ ಇಡೀ ದಿನ ಮಾತಾಡಿದ್ದು ಹೆಣ್ಣುಮಕ್ಕಳ ಮದುವೆ ಮತ್ತು ಹಾಲಿನ ರೇಟು.

ಆಮೇಲಿನದು ಬೇಗ ಹೇಳಬಹುದು. 1983ರಲ್ಲಿ ಹವಾಲ್ದಾರ್ ಆಗಿ ಪಿಂಚಣಿ. ಆಗ ವಯಸ್ಸು ಮೂವತ್ತಾರು. ಬೇರೆಯವರಿಗೆ ಬದುಕು ಹದಕ್ಕೆ ಬರುವ ವಯಸ್ಸು. ಎದೆಯ ಮೇಲೆ ಸಂಗ್ರಾಮ್ ಪದಕ, ಪಶ್ಚಿಮಿ ಸ್ಟಾರ್. ಅವು ಎಲ್ಲರಿಗೂ ಕೊಟ್ಟವು ಎಂದು ಅವರೇ ಮೊದಲು ಹೇಳಿಬಿಡುತ್ತಾರೆ. ಬೆಂಗಳೂರಿನ ಬ್ಯಾಂಕೊಂದರ ಬಾಗಿಲಲ್ಲಿ ಜೋಡುನಳಿಗೆ ಬಂದೂಕು ಹಿಡಿದು ಇಪ್ಪತ್ತು ವರ್ಷ ಸ್ಟೂಲಿನ ಮೇಲೆ ಕೂತರು. ಯುದ್ಧದಲ್ಲಿ ಹಾರಿಸದ ಗುಂಡನ್ನು ಬ್ಯಾಂಕಿನಲ್ಲೂ ಹಾರಿಸಲಿಲ್ಲ. ಊರಿನವರಿಗೆ ಅವರಿಂದ ಆದ ಮುಖ್ಯ ಪ್ರಯೋಜನವೆಂದರೆ ಕ್ಯಾಂಟೀನಿನ ರಮ್ಮು. ತಾವು ಕುಡಿಯದ ಮನುಷ್ಯನಿಗೆ ಇಷ್ಟೊಂದು ಗೆಳೆಯರು ಹೇಗಾದರು ಎಂದು ದೊಡ್ಡಮ್ಮ ಇವತ್ತಿಗೂ ರೇಗಿಸುತ್ತಾರೆ.

ರಮ್ಮಿನ ಹೊರತಾಗಿ ಇನ್ನೊಂದು ಕಾರಣಕ್ಕೆ ಊರು ಅವರನ್ನು ಕರೆಯುತ್ತಿತ್ತು. ನಮ್ಮ ಸೀಮೆಯಲ್ಲಿ ಆಗ ತೆರೆದ ಬಾವಿಗಳು ಬತ್ತುತ್ತಿದ್ದವು. ಇರುವ ಬಾವಿಯನ್ನೇ ಬಂಡೆ ಸಿಡಿಸಿ ಇನ್ನೂ ಆಳ ಮಾಡುತ್ತಿದ್ದರು. ಕುಳಿ ಕೊರೆದು, ಮದ್ದು ತುಂಬಿ, ಬತ್ತಿ ಹಚ್ಚಿ ಮೇಲೆ ಓಡಿ ಬರುವುದು. ಐದು ಕುಳಿಯಲ್ಲಿ ನಾಲ್ಕು ಸಿಡಿದು ಒಂದು ಸಿಡಿಯದಿದ್ದರೆ ಕಷ್ಟ. ಅಂಥ ಒಂದು ದಿನ ನಾನು ನೋಡಿದ್ದೇನೆ. ಬಾವಿಯ ಯಜಮಾನನಿಗೆ ಅವಸರ, ಕೂಲಿಯವರಿಗೆ ಇನ್ನೂ ಅವಸರ. ರಜೆಯಲ್ಲಿ ಬಂದಿದ್ದ ದೊಡ್ಡಪ್ಪ ಬಾವಿಯಿಂದ ದೂರದ ಹುಣಸೆ ಮರದ ಕೆಳಗೆ ಟವೆಲ್ ಹಾಸಿ ಕೂತು, ಎಲ್ಲರನ್ನೂ ಕೂರಿಸಿ, ಸಂಜೆಯವರೆಗೆ ಏಳಗೊಡಲಿಲ್ಲ. ಬೈದವರಿಗೆ ಎಲೆ ಅಡಿಕೆ ಕೊಟ್ಟರು. ಮಾರನೆಯ ಬೆಳಿಗ್ಗೆ ತಾವೊಬ್ಬರೇ ಇಳಿದು ಅದನ್ನು ಮುಗಿಸಿ ಬಂದರು. ಏನು ಮಾಡಿದರೆಂದು ಯಾರಿಗೂ ಹೇಳಲಿಲ್ಲ. ಹೇಳಿದರೆ ಮುಂದಿನ ಸಲ ನೀವೇ ಇಳಿಯುತ್ತೀರಿ ಎಂದರು.

2001ರ ಕೊನೆಯಲ್ಲಿ ಸಂಸತ್ತಿನ ಮೇಲೆ ದಾಳಿಯಾಗಿ ಆಪರೇಷನ್ ಪರಾಕ್ರಮ್ ಎಂದು ಸೇನೆಯೆಲ್ಲ ಗಡಿಗೆ ಹೋಯಿತು. ಸುಮಾರು ಹತ್ತು ತಿಂಗಳು ಎದುರುಬದುರು ನಿಂತದ್ದೇ ಹೊರತು ಯುದ್ಧವಾಗಲಿಲ್ಲ. ಯುದ್ಧವಾಗಲಿಲ್ಲ ಎಂದು ನಾವೆಲ್ಲ ನಿಟ್ಟುಸಿರು ಬಿಟ್ಟಾಗ ದೊಡ್ಡಪ್ಪ ಮಾತ್ರ ಪತ್ರಿಕೆಯ ಒಳಪುಟಗಳಲ್ಲಿ ಏನನ್ನೋ ಹುಡುಕುತ್ತಿದ್ದರು. ಗಡಿಯುದ್ದಕ್ಕೂ ಹೊಲಗಳಲ್ಲಿ ಮೈನು ಬಿತ್ತಿದ್ದರು. ಬಿತ್ತುವಾಗ ಮತ್ತು ತೆಗೆಯುವಾಗ ಸತ್ತವರ, ಕೈಕಾಲು ಕಳೆದುಕೊಂಡವರ ಸುದ್ದಿ ಒಂದು ಕಾಲಮ್ಮಿನಲ್ಲಿ ಬರುತ್ತಿತ್ತು. ನೆಲಬಾಂಬು ನಿಷೇಧಿಸುವ 1997ರ ಒಪ್ಪಂದಕ್ಕೆ ಭಾರತವೂ ಸಹಿ ಹಾಕಿಲ್ಲ, ಪಾಕಿಸ್ತಾನವೂ ಹಾಕಿಲ್ಲ ಎಂದು ನಾನು ಅಂದು ದೊಡ್ಡ ತಿಳಿವಳಿಕಸ್ಥನಂತೆ ಹೇಳಿದೆ. ‘ಹಾಕುವುದು ಬಿಡುವುದು ಅವರಿಗೆ ಬಿಟ್ಟದ್ದು. ಹಾಕಿದ ಮೇಲೆ ತೆಗೆಯುವುದಕ್ಕೆ ಟೈಮು ಕೊಡಬೇಕು’ ಎಂದರು.

ಈಗ ಅವರಿಗೆ ಎಪ್ಪತ್ತೆಂಟು. ಎದುರು ಮನೆಯ ಹುಡುಗ ಅಗ್ನಿವೀರ್ ರ್‍ಯಾಲಿಗೆಂದು ಬೆಳಿಗ್ಗೆ ಐದಕ್ಕೆ ಕೆರೆ ಏರಿಯ ಮೇಲೆ 1,600 ಮೀಟರ್ ಓಡುತ್ತಾನೆ. ದೊಡ್ಡಪ್ಪ ಮಫ್ಲರ್ ಸುತ್ತಿಕೊಂಡು ಗಡಿಯಾರ ಹಿಡಿದು ನಿಲ್ಲುತ್ತಾರೆ. ನಾಲ್ಕು ವರ್ಷದ ಸೇವೆ, ಆಮೇಲೆ ನೂರಕ್ಕೆ ಇಪ್ಪತ್ತೈದು ಜನರಿಗಷ್ಟೇ ಮುಂದುವರಿಕೆ ಎಂಬುದು ಹುಡುಗನಿಗೂ ಗೊತ್ತು. ನಿಮ್ಮ ಕಾಲವೇ ಚೆನ್ನಾಗಿತ್ತು ತಾತ ಎಂದ. ದೊಡ್ಡಪ್ಪ ಅದಕ್ಕೆ ಉತ್ತರಿಸದೆ, ಕೊನೆಯ ಇನ್ನೂರು ಮೀಟರಿನಲ್ಲಿ ಹಿಮ್ಮಡಿ ಊರುತ್ತಿದ್ದೀಯ, ನೋಡಿಕೋ ಎಂದರು.

ಕಳೆದ ನವೆಂಬರಿನಲ್ಲಿ ಬದುಕಿದ್ದೇನೆಂದು ಪ್ರಮಾಣಪತ್ರ ಕೊಡಿಸಲು ನಾನೇ ಅವರನ್ನು ಪಟ್ಟಣಕ್ಕೆ ಕರೆದುಕೊಂಡು ಹೋದೆ. ಬೆರಳಚ್ಚು ಕೊಟ್ಟರೆ ಪಿಂಚಣಿ ಮುಂದುವರಿಯುತ್ತದೆ. ಯಂತ್ರ ಅವರ ಹೆಬ್ಬೆಟ್ಟನ್ನು ಒಪ್ಪಲಿಲ್ಲ. ಕೂತಿದ್ದ ಹುಡುಗ ತಾಳ್ಮೆಯವನು. ಒದ್ದೆ ಬಟ್ಟೆಯಲ್ಲಿ ಒರೆಸಿದ, ಒಣಗಿಸಿದ, ಮತ್ತೆ ಇಡಿಸಿದ. ರೇಖೆಗಳು ಸವೆದಿವೆ ತಾತ ಎಂದ. ತೋರುಬೆರಳು, ನಡುಬೆರಳು, ಇನ್ನೊಂದು ಕೈ. ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ನಾನು ಕ್ಷಮೆ ಕೇಳುವ ಮುಖ ಮಾಡಿಕೊಂಡು ನಿಂತಿದ್ದೆ. ದೊಡ್ಡಪ್ಪ ಎರಡೂ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಎಡಗೈಯ ಉಂಗುರದ ಬೆರಳನ್ನು ಗಾಜಿನ ಮೇಲೆ ಓರೆಯಾಗಿ ಇಳಿಸಿ, ನಿಧಾನವಾಗಿ ಮಟ್ಟ ಮಾಡಿದರು. ಹಸಿರು ದೀಪ ಹತ್ತಿತು.

‘ಬಂತು ತಾತ, ಹೋಗಬಹುದು’ ಎಂದ ಹುಡುಗ.

ದೊಡ್ಡಪ್ಪ ಏಳಲಿಲ್ಲ. ಬೆರಳನ್ನು ಅಲ್ಲಿಂದ ತೆಗೆಯಲೂ ಇಲ್ಲ. ‘ಇನ್ನೊಂದು ಸಲ ನೋಡಪ್ಪ’ ಎಂದರು, ‘ಪೂರ್ತಿ ಆಯಿತೋ, ಅರ್ಧವೇ ಆಯಿತೋ.’